ಮಡ್ಡಿಯ ಮೇಲಿನ ಸುಣ್ಣದ ಚೌಕ

ನಮ್ಮ ವೈನಿ ಮಾತಿನ ಮಲ್ಲಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತೇವೆ. ಅವ್ವ ತೀರಿಕೊಂಡಾಗ ನಾನಿನ್ನೂ ಸಾಲಿಗೆ ಹೋಗುವ ಹುಡುಗ. ನನಗೆ ಉಣ್ಣಿಸಿ, ತಲೆ ಬಾಚಿ, ಬೈದು ಬೆಳೆಸಿದವರು ಅವರೇ. ರೊಟ್ಟಿ ಬಡಿಯುವಾಗಲೂ ಮಾತು, ಎಮ್ಮೆ ಹಿಂಡುವಾಗಲೂ ಮಾತು. ಕೇಳುವವರು ಯಾರೂ ಸಿಗದಿದ್ದರೆ ಎಮ್ಮೆಯ ಜೊತೆಗೇ ಮಾತು.

ಅವರ ತವರು ಹುಕ್ಕೇರಿ ತಾಲೂಕಿನ ಕಣಗಲಾ. ಹೈವೇ ಬಾಜೂಕಿನ ಊರು, ಅಲ್ಲಿ ಎಲ್ಲಿ ನಿಂತರೂ ಫೋನು ಹಿಡಿಯುತ್ತದೆ. ನಮ್ಮದು ಮೂಡಲಗಿ ತಾಲೂಕಿನ ಒಳಮೂಲೆ, ಹೊಲದಲ್ಲೇ ಮನೆ ಕಟ್ಟಿಕೊಂಡ ನಾಲ್ಕಾರು ಕುಟುಂಬಗಳ ವಸ್ತಿ. ಇಲ್ಲಿ ಫೋನು ಹಿಡಿಯುತ್ತಿದ್ದುದು ಒಂದೇ ಕಡೆ, ಮನೆಯ ಹಿಂದಿನ ಮಡ್ಡಿಯ ನೆತ್ತಿಯ ಮೇಲೆ. ಮಡ್ಡಿ ಎಂದರೆ ಕಲ್ಲು, ಗರಸು, ಮುಳ್ಳುಕಂಟಿಯ ಏರು. ಅಲ್ಲಿ ಏನೂ ಬೆಳೆಯುವುದಿಲ್ಲ. ಮಧ್ಯಾಹ್ನ ನಮಗೆಲ್ಲ ಊಟಕ್ಕೆ ಹಾಕಿ ವೈನಿ ಸೆರಗು ಬಿಗಿದುಕೊಂಡು ಮಡ್ಡಿ ಹತ್ತುತ್ತಿದ್ದರು. ತಾಯಿಯ ಜೊತೆ ಮಾತಾಡಲು. ಆ ಮುದುಕಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮಗಳ ಫೋನೇ ಅವರಿಗೆ ಅರ್ಧ ಜೀವ.

"ಏನ್ರಿ ವೈನಿ, ಕಣಗಲಾ ರೇಡಿಯೋ ಶುರು ಆತೇನ್ರಿ?" ಎಂದು ನಾನು ಕಾಡುತ್ತಿದ್ದೆ.

"ಆತಪಾ. ಇವತ್ತಿನ ಬಾತ್ಮಿದಾಗ ನಿನ್ನ ಹೆಸರೂ ಐತಿ," ಅನ್ನುತ್ತಿದ್ದರು.

ನಾನೂ ಅಣ್ಣನೂ ಪಾಲಾದಾಗ ಕಾಲುವೆ ನೀರಿನ ಎರೆ ಹೊಲ ನನ್ನದಾಯಿತು, ಮಡ್ಡಿ ಅಣ್ಣನಿಗೆ ಹೋಯಿತು. ಸುಮ್ಮನೆ ಹೋಗಲಿಲ್ಲ, ನಾನೇ ಹಟ ಹಿಡಿದು ಎರೆ ಹೊಲ ತೆಗೆದುಕೊಂಡೆ. ಅಣ್ಣ ಪಾಲಿನ ಕಾಗದಕ್ಕೆ ಸಹಿ ಹಾಕಿಕೊಟ್ಟ.

ಆಮೇಲೊಂದು ದಿನ ಟವರ್ ಸರ್ವೆಯವರು ಬಂದರು. ಸಿಗ್ನಲ್ ಇಲ್ಲದ ಊರುಗಳ ಸರಕಾರಿ ಪಟ್ಟಿಯಲ್ಲಿ ನಮ್ಮ ವಸ್ತಿಯೂ ಸೇರಿತ್ತಂತೆ. "ಫೋನ್ ಕಂಪನಿ ಗಳಿಕ್ಯಾಗ ಒಂದ ಪಾಲ ಸರಕಾರ ತಗದ ಇಡತೈತ್ರಿ, ಇಂಥಾ ಊರಿಗಂತನ. ಹಂಗ ನೋಡಿದ್ರ ಅದು ನೀವು ರೀಚಾರ್ಜ್ ಮಾಡಿದ ರೊಕ್ಕನ," ಎಂದ ಅವರಲ್ಲೊಬ್ಬ. ಊರೆಲ್ಲ ಸುತ್ತಿ, ಕಡೆಗೆ ಮಡ್ಡಿಯ ನೆತ್ತಿಯ ಮೇಲೆ ಸುಣ್ಣದಿಂದ ಒಂದು ಚೌಕ ಎಳೆದರು. ಟವರ್ ಅಲ್ಲೇ, ಅಣ್ಣನ ಜಾಗದಲ್ಲೇ. ಬಾಡಿಗೆಯೂ ಅಣ್ಣನಿಗೇ.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸುಳ್ಳು ಯಾಕೆ ಹೇಳಲಿ? ಎರೆ ಹೊಲ ಉಣ್ಣುತ್ತಿದ್ದವನಿಗೆ ಮಡ್ಡಿಯ ಬಾಡಿಗೆಯ ಮೇಲೆ ಕಣ್ಣು!

ಟವರಿಗೆ ಬಾಜೂ ಹೊಲದವರ ಒಪ್ಪಿಗೆ ಸಹಿ ಬೇಕಿತ್ತು. ಬಾಜೂ ಹೊಲದವನು ನಾನು. ವೈನಿ ತಾವೇ ಕಾಗದ ಹಿಡಿದು ಬಂದರು.

"ತಮ್ಮಾ, ಸಹಿ ಮಾಡಿ ಬಿಡೋ. ಮಡ್ಡಿ ಹತ್ತಿ ಹತ್ತಿ ಕಾಲ ಸೋತಾವು. ಮನ್ಯಾಗ ಕುಂತ ಅವ್ವನ ಜೋಡಿ ನಾಕ ಮಾತ ಆಡತೇನಿ."

"ಟವರ್ ಬಂದ್ರ ಗಬ್ಬದ ದನ ಕಂದ ಹಾಕತಾವಂತ್ರಿ ವೈನಿ."

ವೈನಿ ನನ್ನನ್ನೇ ನೋಡಿದರು. "ಇದು ದನದ ಹೊಟ್ಟಿ ಚಿಂತಿ ಅಲ್ಲೋ, ನಿನ್ನ ಹೊಟ್ಟೀದು," ಎಂದು ನಕ್ಕು ಕಾಗದ ಮಡಚಿಕೊಂಡು ಹೋದರು.

ನಾನು ಅಷ್ಟಕ್ಕೆ ಬಿಟ್ಟೆನೇ? ದನ ಕಂದು ಹಾಕುತ್ತವೆ, ಗುಬ್ಬಿ ಸಾಯುತ್ತವೆ, ಮಕ್ಕಳಿಗೆ ಬೇನೆ ಬರುತ್ತದೆ ಎಂದು ತಕರಾರು ಅರ್ಜಿ ಬರೆಸಿದೆ. ವಸ್ತಿಯವರ ಸಹಿ, ಹೆಬ್ಬೆಟ್ಟು ಕೂಡಿಸಿದೆ. ಪಂಚಾಯ್ತಿಗೊಂದು ಪ್ರತಿ, ಮೂಡಲಗಿಯ ಕಚೇರಿಗೊಂದು ಪ್ರತಿ. ಸರ್ವೆಯವರಿಗೆ ನಮಗಾಗಿ ಕಾಯುವ ಗರಜು ಇರಲಿಲ್ಲ, ಪಟ್ಟಿ ಉದ್ದವಿತ್ತು. ಟವರ್ ಬೇರೆ ಊರಿಗೆ ಹೋಯಿತು. ಆ ದಿನ ನಾನು ಮೂಡಲಗಿಯಿಂದ ಪೇಡೆ ತಂದಿದ್ದೆ. ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಮುಂದಿನ ಕಬ್ಬಿನ ಹಂಗಾಮಿನಲ್ಲಿ, ಒಂದು ಬೆಳಿಗ್ಗೆ, ವೈನಿ ಎಮ್ಮೆಯ ಬಳಿ ಕುಸಿದರು. ಬಾಯಿ ಸೊಟ್ಟಾಗಿತ್ತು, ಬಲಗೈ ಏಳಲಿಲ್ಲ. ಟ್ರ್ಯಾಕ್ಟರು ಕಬ್ಬು ಹೊತ್ತು ಕಾರ್ಖಾನೆಗೆ ಹೋಗಿತ್ತು. ಅಣ್ಣ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಆಂಬುಲೆನ್ಸಿಗೆ ಹಚ್ಚೋ, ಓಡು!" ಎಂದು ಕೂಗಿದ.

ನಾನು ಮಡ್ಡಿ ಹತ್ತಿ ಓಡಿದೆ. ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆ ಬರುತ್ತಿತ್ತು, ಹೋಗುತ್ತಿತ್ತು. "ಹಲೋ, ಯಾವ ಊರು?" ಎನ್ನುವಷ್ಟರಲ್ಲಿ ಕಟ್ಟಾಗುತ್ತಿತ್ತು. ಮತ್ತೆ ಹಚ್ಚಿದೆ, ಮತ್ತೆ ಕಟ್ಟಾಯಿತು. ಸಿಗ್ನಲ್ ಹುಡುಕುತ್ತ ಅತ್ತಿತ್ತ ಓಡಾಡಿ ಕಡೆಗೊಂದು ಕಡೆ ಮಾತು ನೆಟ್ಟಗೆ ಕೇಳಿಸಿತು. ಊರು, ದಾರಿ ಎಲ್ಲ ಹೇಳಿ ಮುಗಿಸಿ ಕೆಳಗೆ ನೋಡಿದೆ. ಮಳೆಗೆ ಅರ್ಧ ತೊಳೆದುಹೋದ ಸುಣ್ಣದ ಚೌಕದೊಳಗೆ ನಿಂತಿದ್ದೆ.

ಗೋಕಾಕದ ಆಸ್ಪತ್ರೆಯ ಡಾಕ್ಟರು ಅಣ್ಣನಿಗೆ ಹೇಳಿದ್ದು ಇಷ್ಟೇ: "ಇನ್ನೊಂದೀಟ ಲಗೂ ತಂದಿದ್ರ ನೋಡಬಹುದಿತ್ತ್ರಿ." ಅಣ್ಣ ತಲೆಯಾಡಿಸಿದ. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ನೆಲ ಹಿಡಿಯುತ್ತಿದ್ದೆ.

ವೈನಿ ಉಳಿದರು. ಮಾತು ಉಳಿಯಲಿಲ್ಲ.

ಕಣಗಲಾದ ತಾಯಿಗೆ ಹೇಳುವುದು ಬೇಡ, ಕೇಳಿದರೆ ಜೀವ ಬಿಡುತ್ತಾಳೆ ಎಂದು ತವರಿನವರೇ ತೀರ್ಮಾನಿಸಿದರು. ಮಗಳಿಗೆ ಮೊಣಕಾಲು ನೋವು, ಮಡ್ಡಿ ಹತ್ತಲು ಆಗುವುದಿಲ್ಲ, ಮನೆಯಲ್ಲಿ ರೇಂಜ್ ಇಲ್ಲ ಎಂದು ಹೇಳಿಟ್ಟರು. ದಿನವೂ ಮಡ್ಡಿ ಹತ್ತಿ ಆ ಮಾತು ಒಪ್ಪಿಸುವ ಕೆಲಸ ನಾನೇ ವಹಿಸಿಕೊಂಡೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಟವರಿನ ಬೆನ್ನು ಹತ್ತಿದೆ. ಪಂಚಾಯ್ತಿ, ಮೂಡಲಗಿ, ಬೆಳಗಾವಿ ಎಂದು ಚಪ್ಪಲಿ ಸವೆಸಿದೆ. ಎರಡನೇ ಪಟ್ಟಿಯಲ್ಲಿ ಊರು ಸೇರಿತು. ಆದರೆ ಹಳೆಯ ಜಾಗದ ಮೇಲೆ ತಕರಾರು ದಾಖಲಾಗಿದೆ, ಅದು ಬೇಡ ಎಂದು ನನ್ನ ಹೊಲದ ಮೂಲೆಯನ್ನು ಆರಿಸಿದರು. ಮತ್ತೆ ಅದೇ ಕಾಗದ, ಬಾಜೂ ಹೊಲದವರ ಒಪ್ಪಿಗೆ. ಈ ಸಲ ಬಾಜೂ ಹೊಲದವನು ಅಣ್ಣ.

ಹೋದಾಗ ಅವನು ವೈನಿಗೆ ಗಂಜಿ ಕುಡಿಸುತ್ತಿದ್ದ. ಬಾಡಿಗೆ ನಿನಗೇ ಬರಲಿ ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದನ್ನು ಬಿಟ್ಟು ಕಾಗದವನ್ನಷ್ಟೇ ಮುಂದೆ ಚಾಚಿದೆ. ಅಣ್ಣ ಕೈ ಒರೆಸಿಕೊಂಡ, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡ.

"ಎಲ್ಲಿ ಮಾಡ್ಲಿ?"

ತೋರಿಸಿದೆ. ಸಹಿ ಮಾಡಿ ಮತ್ತೆ ಚಮಚ ಹಿಡಿದ. ಎರಡು ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಟವರ್ ಶುರುವಾಗಿ ಕೆಲವು ತಿಂಗಳಾದವು. ಈಗ ವೈನಿಯ ಮಂಚದ ಬಳಿಯೇ ಗೆರೆಗಳೆಲ್ಲ ತುಂಬಿರುತ್ತವೆ. ಮಧ್ಯಾಹ್ನ ನಾನು ಅಲ್ಲೇ ಕುಳಿತು, ತಾಯಿಯ ದನಿ ಅವರಿಗೂ ಕೇಳಲೆಂದು ಸ್ಪೀಕರ್ ಹಚ್ಚುತ್ತೇನೆ. ನಿನ್ನೆಯೂ ಹಚ್ಚಿದೆ.

"ತಮ್ಮಾ, ಮಡ್ಡಿ ಹತ್ತಿ ಬಂದೀ ಏನೋ? ಬಿಸಲಾಗ ತ್ರಾಸ ನಿನಗ," ಎಂದರು ಮುದುಕಿ. "ಇನ್ನೂ ನಿಮ್ಮ ಮನಿಗೆ ರೇಂಜ್ ಬಂದಿಲ್ಲೇನೋ?"

"ಇಲ್ಲರಿ ಅವ್ವಾ. ಇನ್ನೂ ಬಂದಿಲ್ಲ."

"ಯಾವನೋ ಅರ್ಜಿ ಕೊಟ್ಟು ಟವರ್ ತಡದಾನಂತ ನನ್ನ ಮಗಳು ಹೇಳಿದ್ಲು. ಅವನ ಬಾಯಾಗ ಮಣ್ಣ ಬೀಳಲಿ. ಯಾರವ್ವಾ ಅವಾ ಅಂತ ಎಷ್ಟ ಕೇಳಿದ್ರೂ ಹೆಸರ ಹೇಳಲಿಲ್ಲ ನೋಡ. ಪಾಪ, ಬ್ಯಾಡವ್ವಾ, ಸಣ್ಣಾವ ಅದಾನ ಅಂದ್ಲು. ನಿನಗ ಗೊತ್ತೇನೋ ತಮ್ಮಾ, ಯಾರಂತ?"

ವೈನಿ ನನ್ನನ್ನೇ ನೋಡುತ್ತಿದ್ದರು. ಸ್ವಾಧೀನವಿದ್ದ ಎಡಗೈಯನ್ನು ಎತ್ತಿ, ಬೇಡ ಎನ್ನುವಂತೆ ನಿಧಾನವಾಗಿ ಆಡಿಸಿದರು.

"ಗೊತ್ತಿಲ್ಲರಿ ಅವ್ವಾ," ಎಂದೆ.