ಮೀಟರು ಎಣಿಸದ ದಾರಿ

ದೆವ್ವ, ಶಕುನ, ದೃಷ್ಟಿ ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಹೋಗುತ್ತಿದ್ದವಳು ನಾನು. ಸುರಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಕೂಡಿದರೆ ಹೆಚ್ಚಾಗಬೇಕು, ಕಳೆದರೆ ಕಡಿಮೆಯಾಗಬೇಕು, ಇಷ್ಟನ್ನು ನಂಬಿ ಬದುಕು ನಡೆಸಿದವಳು. ಹಾಗಾಗಿ ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ನನಗೇ ಆಯಿತು, ಹಾಡುಹಗಲು, ಸ್ಟೇರಿಂಗು ನನ್ನ ಕೈಯಲ್ಲಿದ್ದಾಗ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು, ಪಾಳಿ ಸಿಕ್ಕಿದ್ದು ಯಾದಗಿರಿಯಲ್ಲಿ. ಅಕ್ಕ ಅದನ್ನು ಡಯಾಲಿಸಿಸ್ ಎಂದು ಒಮ್ಮೆಯೂ ಕರೆದವಳಲ್ಲ. "ಚಾರ್ಜ್ ಹಾಕಿಸ್ಕೊಂಡ ಬರತೇನಿ" ಎನ್ನುವಳು. ಹೋಗುವಾಗ ಬಸ್ಸಿನಲ್ಲಿ ಹರಟೆ ಹೊಡೆಯುತ್ತ ಹೋಗುತ್ತಿದ್ದಳು. ಬರುವಾಗಿನ ಪಾಡು ಮಾತ್ರ ಬೇಡ. ನನ್ನ ಭುಜಕ್ಕೆ ತಲೆ ಕೊಟ್ಟು ಪ್ಲಾಸ್ಟಿಕ್ ಚೀಲದಲ್ಲಿ ವಾಂತಿ ಮಾಡಿಕೊಳ್ಳುವಳು, ಬಸ್ಸಿನವರೆಲ್ಲ ತಿರುಗಿ ತಿರುಗಿ ನೋಡುವರು. ಒಂದು ದಿನ ಶಹಾಪುರದಲ್ಲಿ ಇಳಿದುಬಿಟ್ಟು, "ಇನ್ನ ಮುಂದ ನಾ ಬರಂಗಿಲ್ಲ, ಏನಾಗತದ ಆಗಲಿ" ಎಂದಳು. ಕಾರು ತಗೊಳ್ಳಬೇಕು ಎಂದು ಅವತ್ತೇ ನಿಶ್ಚಯಿಸಿದೆ.

ಹೊಸದು ನನ್ನ ಕೈಗೆ ಎಟುಕುವಂಥದಲ್ಲ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಾದರೆ ಮನೆಯಲ್ಲೇ ಪ್ಲಗ್ ಹಾಕಿ ಓಡಿಸಬಹುದು ಎನಿಸಿತು. ಹುಡುಕಾಟ ಶುರುವಾದದ್ದೇ ತಡ, ನನಗೆ ಹುಚ್ಚು ಹಿಡಿದಂತಾಯಿತು. ರಾತ್ರಿಯೆಲ್ಲ ವಿಡಿಯೋ ನೋಡುವುದು, ಹಗಲೆಲ್ಲ ಸ್ಟಾಫ್ ರೂಮಿನಲ್ಲಿ ಅದರದೇ ವ್ಯಾಖ್ಯಾನ. ಸಿಕ್ಕವರೆಲ್ಲ, ಪೆಟ್ರೋಲೇ ಇಲ್ಲದ ಗಾಡಿಗೂ, "ಆವರೇಜ್ ಎಷ್ಟ ಕೊಡತದ್ರಿ?" ಎಂದು ಕೇಳುವವರೇ. ನನಗೆ ಬೇಕಾಗಿದ್ದ ಉತ್ತರ ಒಂದೇ. ಸುರಪುರದಿಂದ ಯಾದಗಿರಿಗೆ ಹೋಗಿ, ನಡುವೆ ಎಲ್ಲಿಯೂ ಪ್ಲಗ್ ಹಾಕದೆ, ಅಕ್ಕನನ್ನು ಮಲಗಿಸಿಕೊಂಡು ಮನೆಗೆ ವಾಪಸು ತರುತ್ತದೋ ಇಲ್ಲವೋ?

ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರಿಗೆ ದೂರದೂರಿಗೆ ವರ್ಗವಾಗಿತ್ತು. ಅವರ ಕಾರು ಮಾರಾಟಕ್ಕಿದೆ ಎಂದು ಗೊತ್ತಾಗಿ ಹೋದೆ. ಬಿಳಿ ಬಣ್ಣದ ಕಾರು, ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನೂ ಪುಣ್ಯಾತ್ಮ ತೆಗೆದಿರಲಿಲ್ಲ. ರೇಂಜ್ ಎಷ್ಟು, ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಎಂದು ಕೇಳಿದೆ.

"ಕಂಪನಿಯವ್ರು ಹೇಳೂದು ಬ್ಯಾರೆ, ನಾ ಹೇಳೂದು ಬ್ಯಾರೆ, ರೋಡ್ ಹೇಳೂದು ಬ್ಯಾರೆ ಇರತದ್ರಿ ಮೇಡಂ. ಬ್ಯಾಟರಿ ಹಳೀದಾಗ್ಯಾದ, ಎಸಿ ಹಾಕಿದ್ರ ಇನ್ನಷ್ಟು ಉದರತದ. ಒಂದ್ ದಿನ ಒಯ್ದು ನೀವ ಓಡಿಸಿ ನೋಡ್ರಿ, ಆಮ್ಯಾಲ ಮಾತಾಡೂಣು."

ಇಂಥ ಮಾರಾಟಗಾರ ಎಲ್ಲಿ ಸಿಗುತ್ತಾನೆ ಹೇಳಿ. ಕಾರು ತಂದು ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿದೆ. ಬೆಳಿಗ್ಗೆ ಪರದೆಯ ಮೇಲೆ ನೂರ ಮೂವತ್ತು ಕಿಲೋಮೀಟರ್ ಎಂದು ಬಂತು. ಹೋಗಿ ಬರುವ ದಾರಿ ಹೆಚ್ಚೆಂದರೆ ನೂರ ಇಪ್ಪತ್ತು. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟಾಗ ಖುಷಿಗೆ ನನಗೆ ನೆಲ ಕಾಣುತ್ತಿರಲಿಲ್ಲ. ಶಬ್ದವೇ ಇಲ್ಲ. ಅಕ್ಕ ನಡುನಡುವೆ ತಲೆ ಎತ್ತಿ, "ಚಾಲೂ ಅದೇನು?" ಎಂದು ಕೇಳುತ್ತಿದ್ದಳು.

ಯಾದಗಿರಿಯವರೆಗೆ ಲೆಕ್ಕ ಬರೋಬ್ಬರಿ ಇತ್ತು. ಡಯಾಲಿಸಿಸ್ ಮುಗಿಸಿ ಹೊರಬಿದ್ದಾಗ ಬಿಸಿಲು ಬೆಂಕಿ ಉಗುಳುತ್ತಿತ್ತು. ಅಕ್ಕ ಬೆವತು ನೀರಾಗಿದ್ದಳು, ಎಸಿ ಜೋರು ಮಾಡಿದೆ. ಎದುರು ಗಾಳಿ ಬೇರೆ. ಕಿಲೋಮೀಟರುಗಳು ಉದುರತೊಡಗಿದವು ನೋಡಿ, ನಾನು ಒಂದು ಓಡಿದರೆ ಪರದೆಯ ಮೇಲೆ ಒಂದೂವರೆಗಿಂತ ಹೆಚ್ಚು ಕಳೆಯುತ್ತಿತ್ತು. ಎಸಿ ಆರಿಸಿದೆ. ಅಕ್ಕ ನರಳಿದಳು. ಮತ್ತೆ ಹಾಕಿದೆ. ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ಕಾಣುವ ಹೊತ್ತಿಗೆ ಟ್ರಿಪ್ ಮೀಟರಿನಲ್ಲಿ ತೊಂಬತ್ತೈದು, ಇನ್ನು ಓಡಬಲ್ಲದ್ದು ಹನ್ನೊಂದು ಎಂದು ತೋರಿಸುತ್ತಿತ್ತು. ಸುರಪುರ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಇತ್ತು. ನನ್ನ ಸಂಭ್ರಮವೆಲ್ಲ ಇಳಿದುಹೋಯಿತು.

ಶಹಾಪುರದಲ್ಲಿ ನಮಗೆ ಬೇಕಾದ ಶರಣಮ್ಮ ಎಂಬವರ ಖಾನಾವಳಿ ಇದೆ. ಅಲ್ಲಿ ಪ್ಲಗ್ ಹಾಕೋಣವೆಂದರೆ ಕರೆಂಟು ಹೋಗಿತ್ತು. ಸ್ವಲ್ಪ ಕಾದೆವು. ಫ್ಯಾನಿಲ್ಲದೆ ಅಕ್ಕನ ಮುಖ ಬಿಳುಚುತ್ತ ಬಂತು. "ನನ್ನ ಮನಿಗಿ ಮುಟ್ಟಸು, ಹಾಸಗಿ ಮ್ಯಾಲ ಬೀಳತೇನಿ" ಎಂದು ಒಂದೇ ಸಮನೆ ಗೋಗರೆದಳು. ಎಷ್ಟು ದೂರ ಹೋಗುತ್ತದೋ ಹೋಗಲಿ, ನಿಂತಲ್ಲಿಂದ ಯಾರಿಗಾದರೂ ಫೋನ್ ಮಾಡಿದರಾಯಿತು ಎಂದುಕೊಂಡು ಆಕೆಯನ್ನು ಕಾರಿಗೆ ಹತ್ತಿಸಿದೆ. ಕಾರು ಇನ್ನೇನು ಕದಲಬೇಕು, ಶರಣಮ್ಮ ಒಳಗಿನಿಂದ ಓಡಿ ಬಂದು, "ಕರೆಂಟ್ ಇನ್ನಾ ಬಂದಿಲ್ಲ, ಎಲ್ಲಿಗಿ ಹೊಂಟೀರಿ?" ಎಂದುಬಿಟ್ಟರು. ಅಂದವರೇ ನಾಲಿಗೆ ಕಚ್ಚಿಕೊಂಡರು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ತಿರುಗಿ ಮನೆಯೊಳಗೆ ಹೋಗಿ, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಅಕ್ಕ ಅಷ್ಟು ಸೋತಿದ್ದರೂ ಬಾಗಿಲು ತೆಗೆದಳು. ನನಗೆ ಸಿಟ್ಟು ನೆತ್ತಿಗೇರಿತು.

"ಕುಂಡ್ರಾಕ ನಮ್ಮನಿ ಎಲ್ಲದ ಇಲ್ಲಿ? ಸುಮ್ನ ಮಲಕೋ" ಎಂದೆ.

ಶರಣಮ್ಮನಿಗೆ ತಮ್ಮಿಂದಾದ ತಪ್ಪಿಗೆ ಅಳುವೇ ಬಂದಂತಾಗಿತ್ತು. "ಇದ ನಿಮ್ಮನಿ ಅಂತ ತಿಳಕೊಂಡು ಒಂದ ಗಳಿಗಿ ಕುಂತು ಹೋಗ್ರಿ ಅಕ್ಕಾ. ನಾ ಹೊರಗಿನವಳೇನು?" ಎಂದು ಅಕ್ಕನ ಕೈ ಹಿಡಿದು ಒಳಗೆ ಕರೆದೊಯ್ದರು, ಚಾಪೆ ಹಾಸಿದರು, ತಂಬಿಗೆಯಲ್ಲಿ ನೀರು ತಂದರು. ಅಕ್ಕನಿಗೆ ನೀರು ಅಳತೆಯಲ್ಲಿ ಕುಡಿಯಬೇಕೆಂದು ಡಾಕ್ಟರು ಹೇಳಿದ್ದರಿಂದ ತುಟಿ ಒದ್ದೆ ಮಾಡಿಕೊಂಡಳಷ್ಟೆ. ಆಮೇಲೆ ಗೋಡೆ ಹಿಡಿದು ಎದ್ದು, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ, "ಈಗ ನಡಿ, ಮನಿಯಿಂದ ಹೊಂಟಂಗಾತು" ಎಂದಳು.

ಇಲ್ಲಿಂದ ಮುಂದಿನದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ.

ಕಾರು ಚಾಲೂ ಮಾಡಿದೆ. ತೊಂಬತ್ತೈದು, ಹನ್ನೊಂದು. ಊರು ದಾಟಿದೆ. ತೊಂಬತ್ತೈದು, ಹನ್ನೊಂದು. ಭತ್ತದ ಗದ್ದೆಗಳು ಎರಡೂ ಕಡೆ ಸರಿಯುತ್ತಿದ್ದವು, ಒಂದು ಕಡೆ ಕುರಿಹಿಂಡು ರಸ್ತೆ ದಾಟುವವರೆಗೆ ನಿಂತೆ, ತಗ್ಗಿಗೆ ಬಿದ್ದಾಗ ಅಕ್ಕ "ಹಗೂರ" ಎಂದಳು. ಹತ್ತಿಗೂಡೂರು ಬಂತು, ಹಿಂದೆ ಸರಿಯಿತು. ಆಗಲೂ ಅದೇ ತೊಂಬತ್ತೈದು, ಅದೇ ಹನ್ನೊಂದು. ಮೊದಮೊದಲು ಪರದೆ ಕೆಟ್ಟಿತೆಂದು ಬೆರಳಿನಿಂದ ತಟ್ಟಿ ನೋಡಿದೆ. ಈಗ ನಿಲ್ಲುತ್ತದೆ, ಇನ್ನೊಂದು ಫರ್ಲಾಂಗಿಗೆ ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಎಸಿ ತಣ್ಣಗೆ ಬೀಸುತ್ತಿತ್ತು, ವೇಗದ ಮುಳ್ಳು ಸರಿಯಾಗಿಯೇ ಏರಿಳಿಯುತ್ತಿತ್ತು. ಆಮೇಲೆ ನನಗೆ ಎಂಥದೋ ಹುರುಪು ಬಂತು, ಹೆದರಿಕೆಯೂ ನಗುವೂ ಒಟ್ಟಿಗೇ ಬರತೊಡಗಿದವು. ಹಿಂದೆ ಅಕ್ಕ ಮಗುವಿನಂತೆ ಗೊರಕೆ ಹೊಡೆಯುತ್ತಿದ್ದಳು.

ಮನೆ ಮುಂದೆ ನಿಂತಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಅಕ್ಕ ಕಣ್ಣು ಬಿಟ್ಟು, ಯಾರ ಕೈಯನ್ನೂ ಹಿಡಿಯದೆ ಇಳಿದು, ಒಳಗೆ ಹೋಗಿ ಮಲಗಿದಳು. ಯಾದಗಿರಿಯಿಂದ ಬಂದ ದಿನ ಆಕೆ ತಾನಾಗಿ ನಡೆದದ್ದು ಅದೇ ಮೊದಲು.

ಪರದೆ ನಿಂತುಹೋಗಿದೆ, ಬೇರೇನಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಕಾರನ್ನು ಆರಿಸಿ ಮತ್ತೆ ಹಚ್ಚಿದೆ. ಅದೇ ಅಂಕಿ. ಹಾಗಾದರೆ ನೋಡಿಯೇ ಬಿಡೋಣವೆಂದು ಊರೊಳಗೆ ಒಂದು ಸುತ್ತು ಹೊಡೆದೆ. ತೊಂಬತ್ತಾರಾಯಿತು, ತೊಂಬತ್ತೇಳಾಯಿತು. ಹನ್ನೊಂದು ಹತ್ತಾಯಿತು, ಒಂಬತ್ತಾಯಿತು. ಪರದೆಗೆ ಏನೂ ಆಗಿರಲಿಲ್ಲ. ಬ್ಯಾಟರಿಯಲ್ಲಿ ಆ ಚಾರ್ಜು ನಿಜಕ್ಕೂ ಉಳಿದಿತ್ತು. ಕಾರು ಈವರೆಗೆ ಒಟ್ಟು ಓಡಿದ ಲೆಕ್ಕವನ್ನು ಬೆಳಿಗ್ಗೆ ಬರೆದಿಟ್ಟುಕೊಂಡಿದ್ದ ಅಂಕಿಯೊಂದಿಗೆ ತಾಳೆ ನೋಡಿದೆ, ಅದರಲ್ಲಿಯೂ ಶಹಾಪುರದಿಂದ ಸುರಪುರದವರೆಗಿನ ದಾರಿ ಇರಲಿಲ್ಲ. ಗಾಡಿಯ ಮಟ್ಟಿಗೆ ಆ ದಾರಿ ಆಗಿಯೇ ಇಲ್ಲ.

ಎಂಜಿನಿಯರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಸಾಫ್ಟ್‌ವೇರ್ ಹ್ಯಾಂಗ್ ಆಗಿರಬೇಕ್ರಿ" ಎಂದರು. ಹಾಗಾದರೆ ಚಾರ್ಜ್ ಹೇಗೆ ಉಳಿಯಿತು ಎಂದು ಕೇಳಿದೆ. "ಮೇಡಂ, ನೀವ ಗಣಿತದವ್ರು" ಎಂದಷ್ಟೇ ಅಂದು ನಕ್ಕರು.

ಆ ಕಾರು ನಮ್ಮನ್ನು ಮನೆಗೆ ಪೂರ್ತಿ ತರಲಾರದು ಎಂದು ಲೆಕ್ಕ ಸ್ಪಷ್ಟವಾಗಿ ಹೇಳುತ್ತಿತ್ತು. ಆದರೂ ತಗೊಂಡೆ. ಈಗ ಬರುವಾಗಲೆಲ್ಲ ಶಹಾಪುರದಲ್ಲಿ ಪ್ಲಗ್ ಹಾಕುತ್ತೇವೆ, ಚಾರ್ಜ್ ಆಗುವ ತನಕ ಅಕ್ಕ ಶರಣಮ್ಮನ ಒಳಕೋಣೆಯಲ್ಲಿ ನಿದ್ದೆ ಮಾಡುತ್ತಾಳೆ. ನಾ ಬರಂಗಿಲ್ಲ ಎಂಬ ಮಾತು ಮತ್ತೆ ಆಕೆಯ ಬಾಯಿಂದ ಬಂದಿಲ್ಲ.

ಒಬ್ಬಳೇ ಇದ್ದಾಗ ಒಮ್ಮೆ ನಾಚಿಕೆ ಬಿಟ್ಟು ನಾನೂ ಹಾಗೇ ಮಾಡಿ ನೋಡಿದೆ. ಶರಣಮ್ಮನ ಚಾಪೆಯ ಮೇಲೆ ಕೂತೆ, ನೀರು ಕುಡಿದೆ, ಹೊಸ್ತಿಲು ಮುಟ್ಟಿದೆ. ಮೀಟರು ಒಂದನ್ನೂ ಬಿಡದೆ ಎಣಿಸಿತು. ಅಕ್ಕನಿಗೆ ಇದನ್ನು ಹೇಳಿದರೆ, "ನಿನಗ ಅದು ಖಾನಾವಳಿ, ನನಗ ಮನಿ" ಎಂದು ಮಗ್ಗುಲಾದಳು. ಮನೆಯಿಂದ ಮನೆಗೆ ದೂರ ಸೊನ್ನೆ ಎಂಬ ಲೆಕ್ಕವನ್ನು ನಾನು ಯಾವ ಕ್ಲಾಸಿನಲ್ಲೂ ಕಲಿಸಿಲ್ಲ. ಶಹಾಪುರದಿಂದ ಸುರಪುರದವರೆಗೆ ಅವತ್ತು ನಾನು ಸ್ಟೇರಿಂಗು ಹಿಡಿದು ಬಂದದ್ದು ನಿಜ. ಕಾರು ಓಡಿತೋ ಇಲ್ಲವೋ, ಈ ಹೊತ್ತಿಗೂ ಹೇಳಲಾರೆ.