ಪಿಳ್ಳಪ್ಪನವರ ಎರಡು ಸಾಲು

ಆ ಎರಡು ಸಾಲು ಬಿಟ್ಟವಳು ನಾನು, ಪಿಳ್ಳಪ್ಪನವರೇ. ನೀವಲ್ಲ. ನೀವು ದುಂಡಗೆ, ಸ್ಪಷ್ಟವಾಗಿ ಬರೆದುಕೊಟ್ಟಿದ್ದಿರಿ. ನಾನು ಅದನ್ನು ಕೈಬಿಟ್ಟೆ — ಆಮೇಲೆ ನೀವು ಬರೆದೇ ಇರಲಿಲ್ಲ ಎಂದು ಎಲ್ಲರ ಎದುರು ಹೇಳಿದೆ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ನಮ್ಮ ಸಮಿತಿಯ ನೆನಪಾದರೆ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಬೆಂಗಳೂರಿನ ಪತ್ರಿಕೆಯಲ್ಲಿ ದೇವನಹಳ್ಳಿಯ ಹೆಸರು ಬರಬೇಕಾದರೆ ಒಂದೋ ಮಂತ್ರಿಗಳು ಬರಬೇಕು, ಇಲ್ಲ ಬಸ್ಸು ಮಗುಚಬೇಕು. ಇದೇನು ಬಾಳು ಅಂತ ನಾವು ಐದು ಜನ ಸೇರಿ ವಾರಕ್ಕೊಂದು ‘ನಮ್ಮ ಹಾಳೆ’ ತೆಗೆದೆವು. ನಿವೃತ್ತ ಶಿರಸ್ತೇದಾರರು ಅಧ್ಯಕ್ಷರು. ಒಬ್ಬರು ಕಾಂಪೌಂಡರು, ಒಬ್ಬರು ರೇಷ್ಮೆ ಸಾಕುವ ರೈತರು, ಬಸ್‌ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿಯ ನೀವು, ಹೆಣ್ಣುಮಕ್ಕಳ ಶಾಲೆಯ ಟೀಚರ್ ನಾನು. ಯಾರಿಗೂ ಸಂಬಳವಿಲ್ಲ. ಕೋಟೆ ಬಾಗಿಲಿಗೆ, ಬಸ್‌ಸ್ಟ್ಯಾಂಡಿಗೆ, ಹಿಟ್ಟಿನ ಗಿರಣಿಗೆ ಹಾಳೆ ಅಂಟಿಸಿದರೆ ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಓದುತ್ತಿದ್ದರು. ತಾಲ್ಲೂಕು ಕಚೇರಿಯವರೂ ಓದುತ್ತಿದ್ದರು, ಓದದವರ ಹಾಗೆ ಮುಖ ಮಾಡಿಕೊಂಡು.

ನಮ್ಮದು ಎರಡೇ ಕಟ್ಟಳೆ. ಐದೂ ಜನ ಕೇಳಿ ಒಪ್ಪದೆ ಒಂದು ಸುದ್ದಿಯೂ ಹಾಳೆಗೆ ಹೋಗಬಾರದು. ತಪ್ಪು ಸುದ್ದಿ ಬಂದರೆ, ತಪ್ಪು ಮಾಡಿದವರೇ ಸಂತೆಯ ದಿನ ಬಸ್‌ಸ್ಟ್ಯಾಂಡಿನ ಕಟ್ಟೆ ಹತ್ತಿ, ನಾನು ತಪ್ಪಿದೆ, ಸರಿಯಾದದ್ದು ಇದು ಎಂದು ಗಟ್ಟಿಯಾಗಿ ಓದಬೇಕು. ಇಂಥ ಕಟ್ಟಳೆ ದೊಡ್ಡ ದೊಡ್ಡ ಪತ್ರಿಕೆಗಳಿಗೂ ಇರಲಿಲ್ಲ ಎಂದು ನಾನು ಶಾಲೆಯಲ್ಲಿ ಜಂಭ ಕೊಚ್ಚಿಕೊಂಡಿದ್ದೆ. ಕೊಚ್ಚಿಕೊಂಡವಳೇ ನಾನು — ಮುರಿದವಳೂ ನಾನೇ.

ಆ ವಾರ ನೀವು ಸುದ್ದಿ ತಂದದ್ದು ಸಭೆ ಮುಗಿದ ಮೇಲೆ. ನೇರ ನನ್ನ ಮನೆಗೆ ಬಂದು ಚೀಟಿ ಕೊಟ್ಟಿರಿ. ನಾಳೆ ಎಲ್ಲರಿಗೂ ಓದಿ ಹೇಳುತ್ತೇನೆ ಬಿಡಿ ಎಂದೆ. ಹೇಳಲಿಲ್ಲ. ಚೀಟಿಯಲ್ಲಿದ್ದದ್ದು ಇದು: ಮಂಗಳವಾರ ಹೆರಿಗೆ ಆಸ್ಪತ್ರೆಗೆ ಬೀಗ ಬಿದ್ದಿತ್ತು, ನೋವು ತಿನ್ನುತ್ತಿದ್ದ ಹೆಂಗಸೊಬ್ಬಳು ಜಗಲಿಯ ಮೇಲೆ ಕಾದು ಕಾದು ವಾಪಸು ಹೋದಳು — ಇಷ್ಟು ಮೊದಲು. ಅದರ ಕೆಳಗೆ ನಿಮ್ಮ ಎರಡು ಸಾಲು: “ನರ್ಸಮ್ಮ ಆ ಹೊತ್ತಿನಲ್ಲಿ ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಇನ್ನೊಂದು ಹೆರಿಗೆ ಮಾಡಿಸುತ್ತಿದ್ದರು. ಒಬ್ಬರೇ ಎರಡು ಕಡೆ ಇರಲು ಆಗದು, ನಮ್ಮೂರಿಗೆ ಇನ್ನೊಬ್ಬರು ನರ್ಸಮ್ಮ ಬೇಕು.”

ಸೈಕ್ಲೋಸ್ಟೈಲ್ ಯಂತ್ರಕ್ಕೆ ಮೇಣದ ಹಾಳೆಯ ಮೇಲೆ ಕಡ್ಡಿಯಿಂದ ಅಕ್ಷರ ಕೊರೆಯುವ ಕೆಲಸ ನನ್ನದು. ಉಳಿದಿದ್ದದ್ದು ಒಂದೇ ಮೇಣದ ಹಾಳೆ. ನಮ್ಮ ಶಾಲೆಯ ಹುಡುಗಿಯರು ಖೋಖೋದಲ್ಲಿ ಹೊಸಕೋಟೆಯವರನ್ನು ಸೋಲಿಸಿದ್ದರು. ಅದನ್ನು ನಾನೇ ಬರೆದು, ದಪ್ಪಕ್ಷರದಲ್ಲಿ, ಮೊದಲೇ ಕೊರೆದುಬಿಟ್ಟಿದ್ದೆ. ಕೊರೆದದ್ದನ್ನು ಕುಗ್ಗಿಸುವ ಹಾಗಿಲ್ಲ. ನಿಮ್ಮ ಸುದ್ದಿಗೆ ಬಂದಾಗ ಹಾಳೆ ಮುಗಿಯುತ್ತಾ ಬಂದಿತ್ತು. ಎರಡು ಸಾಲು ತಾನೆ, ಹೋದರೇನು ಎಂದುಕೊಂಡೆ. ಹೋದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ — ಇಲ್ಲ, ಸುಳ್ಳು ಹೇಳಬಾರದು. ಒಂದು ಗಳಿಗೆ ಯೋಚಿಸಿದೆ. ಮೇಣ ಸವರಿ ನನ್ನ ಹುಡುಗಿಯರ ಒಂದೆರಡು ಸಾಲು ಅಳಿಸಬಹುದಿತ್ತು, ಮನಸ್ಸು ಬರಲಿಲ್ಲ.

ಎರಡು ದಿನದಲ್ಲಿ ನರ್ಸಮ್ಮ ಹಾಳೆಯನ್ನು ಕೈಯಲ್ಲಿ ಹಿಡಿದು ಶಿರಸ್ತೇದಾರರ ಮನೆಗೆ ಬಂದರು. ಅವರು ಕೂಗಾಡಲಿಲ್ಲ. ಅವತ್ತು ರಾತ್ರಿಯೂ ಹಗಲೂ ಕೂತು ತಾಯಿ ಮಗು ಇಬ್ಬರನ್ನೂ ಉಳಿಸಿ ಬಂದೆ, ಬಾವಿ ಹತ್ತಿರ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ ಎಂದರು. ಅವರ ಕಣ್ಣು ಕೆಂಪಾಗಿತ್ತು.

ಸಭೆ ಕರೆದರು. ಹೊರಡುವ ಮುಂಚೆ ನಿಮ್ಮ ಚೀಟಿಯನ್ನು ನಾನು ನೀರೊಲೆಗೆ ಹಾಕಿದೆ.

“ನಾನು ಬರ್ದಿದ್ನಲ್ಲ ಟೀಚರಮ್ಮ? ನರ್ಸಮ್ಮ ಎಲ್ಲಿಗೆ ಹೋಗವ್ರೆ ಅಂತ ಬರ್ದಿದ್ದಂಗೆ ಗ್ಯಾಪಕ,” ಎಂದಿರಿ ನೀವು. ಆಪಾದನೆಯಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದಿರಿ.

“ಇಲ್ಲ ಪಿಳ್ಳಪ್ಪನವರೇ. ನಿಮ್ಮ ಚೀಟೀಲಿ ಇದ್ದದ್ದು ಅಷ್ಟೇ. ಎಲ್ಲರಿಗೂ ಓದಿ ಹೇಳೋಕೆ ಹೊತ್ತಿರಲಿಲ್ಲ.”

ನೀವು ನನ್ನ ಮುಖ ನೋಡಿದಿರಿ. ನಾನೂ ನೋಡಿದೆ — ರೆಪ್ಪೆ ಹೊಡೆಯದೆ. ಶಿರಸ್ತೇದಾರರು, ಟೀಚರಮ್ಮನ ಕೈಯಲ್ಲಿ ತಪ್ಪು ಬರೋದಿಲ್ಲವಲ್ಲ ಎಂದರು. ಆ ಮಾತಿಗೆ ನನಗೆ ಒಳಗೊಳಗೇ ಹಿಗ್ಗಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಿಗ್ಗೇ.

“ಹಂಗಾರೆ ನಂದೇ ತಪ್ಪು. ಓದಿರೋದು ನಾಲ್ಕನೇ ಕ್ಲಾಸು ತಾನೆ, ಬಿಟ್ಟಿರ್ತೀನಿ,” ಎಂದಿರಿ.

ಸಂತೆಯ ದಿನ ನೀವು ಕಟ್ಟೆ ಹತ್ತಿದಿರಿ, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು. ನರ್ಸಮ್ಮ ಮುಂದೆಯೇ ನಿಂತಿದ್ದರು. ಕಾಗದ ಹಿಡಿಯದೆ, ಬಾಯಿಂದಲೇ ಹೇಳಿದಿರಿ — ನಾನು ತಪ್ಪಿದೆ, ಈ ತಾಯಿ ಆ ಹೊತ್ತಿನಲ್ಲಿ ಇನ್ನೊಂದು ಜೀವ ಉಳಿಸುತ್ತಿದ್ದರು, ಒಬ್ಬರೇ ಎರಡು ಕಡೆ ಇರಲು ಆಗದು, ನಮ್ಮೂರಿಗೆ ಇನ್ನೊಬ್ಬರು ಬೇಕು. ನನ್ನ ಒಲೆಯಲ್ಲಿ ಬೂದಿಯಾದ ಅದೇ ಮಾತು. ಆ ವಾರವೇ ಜನ ಅರ್ಜಿಗೆ ಸಹಿ ಹಾಕಿದರು, ವರ್ಷ ತುಂಬುವುದರೊಳಗೆ ಎರಡನೆಯ ನರ್ಸು ಬಂದರು. ನಮ್ಮ ಹಾಳೆ ಊರಿಗೆ ಏನು ಮಾಡಿತು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಮಾಡಿದ್ದು ನೀವು. ಅಷ್ಟನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ಆಮೇಲೆ ನೀವು ಹಾಳೆಗೆ ಒಂದಕ್ಷರ ಬರೆಯಲಿಲ್ಲ. ಶನಿವಾರ ತಪ್ಪದೆ ಬಂದು ಯಂತ್ರದ ಹಿಡಿ ತಿರುಗಿಸುತ್ತಿದ್ದಿರಿ, ಸುದ್ದಿ ಇದ್ದರೆ ಬಾಯಲ್ಲಿ ಹೇಳುತ್ತಿದ್ದಿರಿ. ಅದನ್ನಾದರೂ ಸಹಿಸಬಹುದಿತ್ತು. ನಿಮ್ಮ ಮಗಳನ್ನು ಚಿಂತಾಮಣಿಗೆ ಕೊಟ್ಟ ಮೇಲೆ ಇನ್‌ಲ್ಯಾಂಡ್ ಲೆಟರ್ ಹಿಡಿದು ನನ್ನ ಮನೆಗೇ ಬರತೊಡಗಿದಿರಿ.

“ನೀವೇ ಬರ್ಕೊಡಿ ಟೀಚರಮ್ಮ. ನಾನು ಬರೆದ್ರೆ ಏನಾರ ಬಿಟ್ಬಿಡ್ತೀನಿ.”

ಬರೆದುಕೊಟ್ಟೆ. ಒಂದಲ್ಲ, ಎರಡಲ್ಲ — ಹಾಳೆ ನಿಂತ ಮೇಲೂ, ನನಗೆ ವರ್ಗವಾಗುವವರೆಗೂ. ಮಗಳಿಗೆ ಹೇಳಬೇಕಾದ್ದನ್ನು ನೀವು ನನ್ನೆದುರು ಕೂತು ಸಂಕೋಚದಿಂದ ಅರ್ಧರ್ಧ ಹೇಳುತ್ತಿದ್ದಿರಿ, ಉಳಿದರ್ಧ ನುಂಗಿಕೊಳ್ಳುತ್ತಿದ್ದಿರಿ. ಅಪ್ಪನ ಅಕ್ಷರ ಆ ಹುಡುಗಿಗೆ ಹೋಗಲೇ ಇಲ್ಲ. ಪ್ರತಿ ಸಲವೂ ಈಗ ಹೇಳಿಬಿಡೋಣ ಎಂದುಕೊಂಡು — ಪ್ರತಿ ಸಲವೂ ಅಂಟು ಸವರಿ ಮಡಚಿ ಕೊಟ್ಟೆ.

ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳುವ ಮುಖವಿಲ್ಲ. ನಿಮಗೆ ಬರೆಯಲು ಬರುತ್ತಿತ್ತು, ಪಿಳ್ಳಪ್ಪನವರೇ. ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಭಾನುವಾರ ಬಂದು ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ. ಬೈದು ಉತ್ತರ ಬರೆಯಬೇಕೆನಿಸಿದರೆ ಬರೆಯಿರಿ — ಬೇರೆಯವರ ಕೈಲಿ ಮಾತ್ರ ಬರೆಸಬೇಡಿ.