ಉಗ್ರಾಣಕ್ಕೆ ಒಂದೇ ಬಾಗಿಲು

ಒಂದು ವಸ್ತುವಿಗೆ ಎಷ್ಟು ಕಡೆಯಿಂದ ಕೈ ಹಾಕಲು ಸಾಧ್ಯವೋ ಅಷ್ಟು ಕಡೆಯಿಂದ ಅನರ್ಥವೂ ಒಳಗೆ ಬರುತ್ತದೆ. ರಾಜ್ಯಗಳು ಅಳಿದದ್ದು, ಕುಟುಂಬಗಳು ಒಡೆದದ್ದು ಎಲ್ಲ ಇದರಿಂದಲೇ. ಈ ಮಹಾಸತ್ಯ ನನಗೆ ಹೊಳೆದದ್ದು ಪುತ್ತೂರಿನಲ್ಲಿ, ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಮದುವೆ ಸಂಬಂಧ ಕೂಡಿಸುವ ವೆಬ್‌ಸೈಟಿನ ಕೋಡ್ ತಿದ್ದುತ್ತಾ ಕುಳಿತಿದ್ದಾಗ. ರಾಜ್ಯಗಳ ವಿಷಯ ನನಗೆ ಗೊತ್ತಿಲ್ಲ. ಸೇರಿಸಿದ್ದು ವಾಕ್ಯಕ್ಕೆ ತೂಕ ಬರಲಿ ಎಂದು.

ವೆಬ್‌ಸೈಟಿನ ಧಣಿಗಳು ಮೊದಲು ಕೊಡೆ ಮತ್ತು ಡೈರಿ ಹಿಡಿದು ಮನೆಮನೆಗೆ ನಡೆಯುತ್ತಿದ್ದವರು. ಡೈರಿಯಲ್ಲಿ ಪ್ರತಿ ಹೆಸರಿನ ಪಕ್ಕ ಅವರು ಮೊದಲು ಬರೆಯುತ್ತಿದ್ದದ್ದು ಬಳಿ. ತುಳು ಮಾತಾಡುವ ನಮ್ಮ ಸಮುದಾಯದಲ್ಲಿ ಬಳಿ ಎಂದರೆ ಗೋತ್ರದಂಥ ಕುಲದ ಹೆಸರು, ತಾಯಿಯಿಂದ ಮಕ್ಕಳಿಗೆ ಬರುವುದು. ಒಂದೇ ಬಳಿಯವರು, ಒಬ್ಬರ ಮುಖ ಇನ್ನೊಬ್ಬರು ಕಂಡಿರದಿದ್ದರೂ, ಅಣ್ಣ-ತಂಗಿಯರು. ಅವರೊಳಗೆ ಮದುವೆ ಇಲ್ಲ. ಓದಿದವರು ಇದನ್ನು ನಗುತ್ತಾ ವಿವರಿಸುತ್ತಾರೆ. ಮಗಳಿಗೆ ಗಂಡು ನೋಡುವಾಗ ನಗು ನಿಲ್ಲಿಸಿ ವಿಚಾರಿಸುತ್ತಾರೆ. ವಿಚಾರಿಸುವ ಕೆಲಸ ಹುಡುಗಿಯ ಸೋದರಮಾವನದು.

ನಾನು ಕೆಲಸಕ್ಕೆ ಸೇರಿದಾಗ ಸೈಟಿನ ಪ್ರತಿಯೊಂದು ಪುಟವೂ ಡೇಟಾಬೇಸಿಗೆ ತಾನೇ ನೇರವಾಗಿ ಕೈ ಹಾಕುತ್ತಿತ್ತು. ಬೇಕಾದ ಹೆಸರುಗಳನ್ನು ಅದರಿಂದ ಕೇಳಿ ತರಿಸುವ ಪ್ರಶ್ನೆ, ಅಂದರೆ ಕ್ವೆರಿ, ಹುಡುಕುವ ಪುಟದಲ್ಲಿ ಒಂದು ಬಗೆ, ಊರುವಾರು ಪಟ್ಟಿಯಲ್ಲಿ ಇನ್ನೊಂದು ಬಗೆ. ಬಳಿ ಬೇರೆಯಾಗಿರಬೇಕು ಎಂಬ ಷರತ್ತನ್ನು ಕೆಲವು ಪುಟಗಳು ನೆನಪಿಟ್ಟಿದ್ದವು, ಕೆಲವು ಮರೆತಿದ್ದವು. ಮರೆತ ಪುಟ ಕಣ್ಣಿಗೆ ಬಿದ್ದವರು ಫೋನ್ ಮಾಡುತ್ತಿದ್ದರು: “ಎಂತ ಮಾರಾಯ್ರೆ, ಅಣ್ಣ-ತಂಗಿಗೆ ಮದುವೆ ಮಾಡಿಸ್ಲಿಕ್ಕೆ ಕೂತಿದ್ದೀರಾ?”

ಇದಕ್ಕೆ ಪ್ರೋಗ್ರಾಮಿಂಗ್ ಪುಸ್ತಕಗಳಲ್ಲಿ ಮದ್ದು ಉಂಟು. ರೆಪಾಸಿಟರಿ ಪ್ಯಾಟರ್ನ್ ಎನ್ನುತ್ತಾರೆ. ಡೇಟಾಬೇಸನ್ನು ಮುಟ್ಟುವ ಅಧಿಕಾರ ಒಂದೇ ಒಂದು ಕ್ಲಾಸಿಗೆ, ಅಂದರೆ ಕೋಡಿನ ಒಂದೇ ತುಂಡಿಗೆ. ಉಳಿದ ಪುಟಗಳೆಲ್ಲ ಅದರ ಹತ್ತಿರ ಕೇಳಿ ಪಡೆಯಬೇಕು. ಷರತ್ತು ಆ ಒಂದು ಕಡೆ ಇದ್ದರೆ ಸಾಕು, ಎಲ್ಲ ಕಡೆಯೂ ಇದ್ದ ಹಾಗೆ. ಧಣಿಗಳಿಗೆ ಅರ್ಥವಾಗುವಂತೆ ಹೇಳಿದೆ: “ಮದುವೆ ಮನೆಯಲ್ಲಿ ಉಗ್ರಾಣಕ್ಕೆ ಒಬ್ಬನನ್ನು ಕೂರಿಸುದಿಲ್ವಾ? ತೆಂಗಿನಕಾಯಿ ಬೇಕಾದ್ರೂ ಬೆಲ್ಲ ಬೇಕಾದ್ರೂ ಅವನತ್ರ ಕೇಳ್ಬೇಕು. ಸಿಕ್ಕಿದವರೆಲ್ಲ ಒಳಗೆ ನುಗ್ಗುವ ಹಾಗಿಲ್ಲ. ಇದೂ ಹಾಗೆ.”

“ಹಾಗಾದ್ರೆ ನೀವೇ ಕೂತ್ಕೊಳ್ಳಿ,” ಎಂದರು ಧಣಿಗಳು. “ಹೇಗೂ ನಿಮ್ಮ ಕುಟುಂಬದಲ್ಲಿ ಉಗ್ರಾಣ ನಿಮ್ಮದೇ ಅಲ್ವಾ. ಒಂದು ಹಪ್ಪಳ ಹೆಚ್ಚು ಕೇಳಿದ್ರೆ ವಂಶಾವಳಿ ವಿಚಾರಿಸ್ತೀರಂತೆ.”

ಕೂತೆ. ಎರಡು ತಿಂಗಳಲ್ಲಿ ಪುಟಗಳಲ್ಲಿದ್ದ ಪ್ರಶ್ನೆಗಳನ್ನೆಲ್ಲ ಕಿತ್ತು ಒಂದು ಕ್ಲಾಸಿನೊಳಗೆ ತಂದೆ. ನನ್ನ ಜೊತೆ ಕೋಡ್ ಬರೆಯುತ್ತಿದ್ದ ಸುಳ್ಯದ ಹೆಂಗಸೊಬ್ಬರು ಒಮ್ಮೆ ಅವಸರಕ್ಕೆ ಒಂದು ಪುಟದಿಂದ ನೇರ ಪ್ರಶ್ನೆ ಹಾಕಿದಾಗ ಅದನ್ನು ಅಳಿಸಿ ಹಾಕಿಸಿ, ಶಿಸ್ತಿನ ಮೇಲೆ ಅರ್ಧ ಗಂಟೆ ಪ್ರವಚನ ಕೊಟ್ಟೆ. ಅಂದಿನಿಂದ ಅವರು ಬೆಳಿಗ್ಗೆ ಬಂದ ಕೂಡಲೇ, “ಸರ್, ಉಗ್ರಾಣ ತೆರ್ದಿದ್ದೀರಾ? ಎರಡು ಹುಡುಗಿ, ಒಂದು ಹುಡುಗ ಬೇಕಿತ್ತು,” ಎನ್ನುತ್ತಿದ್ದರು.

ಫೋನುಗಳು ನಿಂತವು. ‘ಬಳಿ ನೋಡಿಯೇ ತೋರಿಸುತ್ತೇವೆ’ ಎಂದು ಧಣಿಗಳು ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸಿದರು. ನಾವೇ ನೋಡುತ್ತೇವಲ್ಲ, ಮತ್ತೆ ಹುಡುಗ-ಹುಡುಗಿಯ ವಿವರದಲ್ಲಿ ಅದೊಂದು ಸಾಲು ಯಾಕೆ ಎಂದು ಬಳಿಯನ್ನೇ ಅಲ್ಲಿಂದ ತೆಗೆದೆ. ಪುಟ ಚೊಕ್ಕಟವಾಯಿತು. ಪುತ್ತೂರು, ಕಡಬ, ಸುಳ್ಯದ ಸೋದರಮಾವಂದಿರು ಮೆಲ್ಲನೆ ಬಳಿ ಕೇಳುವುದನ್ನು ಬಿಟ್ಟರು. ಕೇಳಿದರೆ, “ಸೈಟಿನಿಂದ ಬಂದದ್ದು,” ಎಂಬ ಉತ್ತರ, ಕೇಳಿದವರಿಗೇ ನಾಚಿಕೆ. ತಲೆತಲಾಂತರದ ಒಂದು ಪದ್ಧತಿಯನ್ನು ಇನ್ನೂರು ಸಾಲಿನ ಕೋಡಿನಲ್ಲಿ ನಿವೃತ್ತಿಗೊಳಿಸಿದೆನೆಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಆಮೇಲೆ ಧಣಿಗಳಿಗೆ ಬೆಳಗಿನ ಸಂದೇಶದ ಆಸೆ ಹುಟ್ಟಿತು. ಪ್ರತಿಯೊಬ್ಬರ ಫೋನಿಗೂ ದಿನಾ ಮೂರು ಹೊಸ ಸಂಬಂಧ ಹೋಗಬೇಕು, ಅದೂ ನಾಳೆಯಿಂದ. ರೆಪಾಸಿಟರಿಯ ಮೂಲಕ ಮಾಡಲು ಅರ್ಧ ದಿನ ಬೇಕಿತ್ತು. ನಾನು ಹತ್ತು ನಿಮಿಷದಲ್ಲಿ ನೇರ ಪ್ರಶ್ನೆ ಬರೆದೆ: ವಯಸ್ಸು, ಊರು, ಓದು.

“ಸರ್, ಇದು ಹಿಂದಿನ ಬಾಗಿಲಲ್ವಾ?” ಎಂದರು ಸುಳ್ಯದವರು.

“ಇದು ಬರೇ ಸಂದೇಶ. ಒತ್ತಿದ್ರೆ ಸೈಟಿಗೇ ಹೋಗುದು. ಅಲ್ಲಿ ಬಳಿ ನೋಡ್ತದೆ.”

ನೋಡುತ್ತಿರಲಿಲ್ಲ. ಒತ್ತಿದರೆ ತೆರೆಯುತ್ತಿದ್ದದ್ದು ಒಬ್ಬರ ವಿವರದ ಪುಟ. ಅಲ್ಲಿಗೆ ಬರುವವರ ಬಳಿ ಮೊದಲೇ ನೋಡಿ ಆಗಿರುತ್ತದೆ ಎಂದು ಅಲ್ಲಿ ನಾನು ತಪಾಸಣೆ ಇಟ್ಟಿರಲಿಲ್ಲ. ಈ ಕೋಡನ್ನು ಬೇರೆ ಯಾರಾದರೂ ಬರೆದಿದ್ದರೆ ಎರಡನೆಯ ಪ್ರವಚನ ಆಗುತ್ತಿತ್ತು.

ಆ ಸಂದೇಶ ಆಲಂಕಾರಿನಲ್ಲಿರುವ ನನ್ನ ತಂಗಿಯ ಮಗಳಿಗೂ ಹೋಯಿತು. ಕಡಬದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಬಂದ ಸಂಬಂಧಗಳನ್ನೂ ಅದೇ ರೀತಿ ನೋಡಿ, ಒಂದೊಂದರಲ್ಲೂ ಏನೋ ಕಮ್ಮಿ ಎಂದು ವರದಿ ಕೊಡುತ್ತಿದ್ದಳು. ಈ ಸಲ ವರದಿ ಬರಲಿಲ್ಲ. ಹುಡುಗ ಸುಳ್ಯದಿಂದ ಆಚೆಯವನು, ರಾಮಕುಂಜದ ಕಡೆ ಗಣಿತ ಪಾಠ ಮಾಡುವವನು. ಇಬ್ಬರೂ ಉಪ್ಪಿನಂಗಡಿಯ ಹೋಟೆಲಿನಲ್ಲಿ ಚಾ ಕುಡಿದರು. ಮೂರು ತಿಂಗಳಲ್ಲಿ ಎಷ್ಟು ಚಾ ಆಯಿತೋ ನಾನು ವಿಚಾರಿಸಲಿಲ್ಲ. “ಮಾವ, ನಿಮ್ಮ ಸೈಟಿನಿಂದ ಒಂದಾದ್ರೂ ಉಪಕಾರ ಆಯ್ತು,” ಎಂದಳು. ಬಳಿಯನ್ನೂ ವಿಚಾರಿಸಲಿಲ್ಲ. ನಾನು ವಿಚಾರಿಸುವುದೆಂದರೆ ನನ್ನ ಕ್ಲಾಸನ್ನು ನಾನೇ ಸಂಶಯಪಟ್ಟ ಹಾಗೆ.

ನಿಶ್ಚಿತಾರ್ಥ ತಂಗಿಯ ಮನೆಯಲ್ಲಿ. ರೂಢಿಯಂತೆ ನಾನು ಉಗ್ರಾಣದ ಕೋಣೆಯಲ್ಲಿ ಕೀಲಿಕೈ ಸಮೇತ ಕುಳಿತಿದ್ದೆ. ಹೊರಗೆ ಹಿರಿಯರು ಎಲೆಯಡಿಕೆಯ ಹರಿವಾಣ ಬದಲಾಯಿಸಲು ಮುಹೂರ್ತ ಕಾಯುತ್ತಿದ್ದರು. ಆಗ ಹುಡುಗನ ತಾಯಿಯ ತಾಯಿ, ಹಲ್ಲಿಲ್ಲದ ಅಜ್ಜಿ, ಎಲೆ ಜಜ್ಜಿಕೊಳ್ಳಲು ಏನಾದರೂ ಉಂಟಾ ಎಂದು ಒಳಗೆ ಬಂದರು. ಸಣ್ಣ ಕುಟ್ಟಾಣಿ ಕೊಟ್ಟೆ. ಅಲ್ಲೇ ಅಕ್ಕಿಮುಡಿಯ ಮೇಲೆ ಕೂತು ಜಜ್ಜತೊಡಗಿದರು.

“ನೀನು ಹುಡುಗಿಗೆ ಎಂತ ಆಗ್ಬೇಕು?”

“ಸೋದರಮಾವ.”

“ಮಾವನಾ! ಮಾವ ಚಾವಡಿಯಲ್ಲಿ ಕೂರುದು ಬಿಟ್ಟು ಬೆಲ್ಲ ಕಾಯುದಾ? ಇರ್ಲಿ. ನಿಮ್ಮದು ಯಾವ ಬಳಿ?”

ಹೇಳಿದೆ. ಜಜ್ಜುವ ಕೈ ನಿಂತಿತು.

“ಇನ್ನೊಮ್ಮೆ ಹೇಳು. ನನಗೆ ಕಿವಿ ಸಮ ಇಲ್ಲ.”

ಇನ್ನೊಮ್ಮೆ ಹೇಳಿದೆ.

“ಕಿವಿ ಸಮ ಉಂಟು. ನನ್ನದೂ ಅದೇ. ನನ್ನ ಮಗಳದ್ದೂ ಅದೇ. ಅವಳ ಮಗನದ್ದೂ ಅದೇ.”

“ಇಲ್ಲ ಅಜ್ಜಿ, ಸೈಟಿನಲ್ಲಿ ಬಳಿ ನೋಡಿಯೇ ಬರುದು.”

“ಅದ್ಯಾರು ಸೈಟು? ಮೂರು ತಿಂಗಳಿಂದ ಬಳಿ ಎಂತ, ಬಳಿ ಎಂತ ಅಂತ ಕೇಳ್ತಾ ಇದ್ದೇನೆ. ಅಜ್ಜಿ ಸುಮ್ಮನಿರಿ, ಕಂಪ್ಯೂಟರ್ ನೋಡಿದೆ ಅಂತಾರೆ. ಕಂಪ್ಯೂಟರಿಗೆ ಸೋದರಮಾವ ಉಂಟಾ?” ಕುಟ್ಟಾಣಿಯನ್ನು ನೆಲಕ್ಕಿಟ್ಟರು. “ಈಗ ಹೊರಗೆ ಹೋಗಿ ಹೇಳುದು ನೀನಾ, ನಾನಾ?”

ಕೋಣೆಯಲ್ಲಿ ನಾವಿಬ್ಬರೇ. ನೀವು ಕೇಳಲೇ ಇಲ್ಲ ಎಂದಿಟ್ಟುಕೊಳ್ಳಿ ಅಜ್ಜಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಧರ್ಮಕ್ಕೆ ಹೆದರಿ ನುಂಗಿದೆ ಎಂದು ಬರೆದರೆ ಶೋಭಿಸುತ್ತದೆ. ನಿಜಕ್ಕೂ, ಮದುವೆಯ ದಿನ ಚಪ್ಪರದಲ್ಲಿ ಇದನ್ನೇ ಕೇಳಬಲ್ಲ ಅಜ್ಜಿಯರು ಎರಡೂ ಕಡೆ ಇನ್ನೆಷ್ಟು ಇದ್ದಾರೆಂದು ಯೋಚಿಸಿದೆ. ಕೀಲಿಕೈಯನ್ನು ಅಜ್ಜಿಯ ಪಕ್ಕದಲ್ಲಿಟ್ಟು ಹೊರಗೆ ಹೋಗಿ ಹೇಳಿದೆ.

ಯಾರೂ ಕೂಗಾಡಲಿಲ್ಲ. ಪಾಯಸ ಆಗಿತ್ತು, ಊಟ ಮಾಡದೆ ಹೋಗುವುದು ಮರ್ಯಾದೆಯಲ್ಲ. ಬಂದವರು ತಲೆ ತಗ್ಗಿಸಿ ಉಂಡು, ಕೈ ತೊಳೆದು, “ಬರ್ತೇವೆ,” ಎಂದು ಹೋದರು. ತಂಗಿ ಎಲೆ ಎತ್ತುತ್ತಾ ಒಂದೇ ಮಾತು ಕೇಳಿದಳು: “ಅಣ್ಣ, ಊರಿಗೆಲ್ಲ ಬಳಿ ನೋಡುವವ ನೀನು. ನನಗೊಬ್ಬಳಿಗೆ ನೋಡ್ಲಿಕ್ಕೆ ಪುರುಸೊತ್ತು ಆಗ್ಲಿಲ್ವಾ?”

ಸಂಜೆ ಅವಳ ಮಗಳು ಹಿತ್ತಿಲ ಜಗಲಿಯಲ್ಲಿ ಕುಳಿತಿದ್ದಳು. ನಡೆದದ್ದನ್ನು, ಹತ್ತು ನಿಮಿಷದ ಪ್ರಶ್ನೆಯ ಸಮೇತ, ಹೇಳಿದೆ. ಅವಳು ಅಳುತ್ತಿರಲಿಲ್ಲ.

“ಮಾವ, ಡೇಟಾಬೇಸಿನಲ್ಲಿ ನನ್ನ ಬಳಿ ಒಂದು ಸಾಲು ಅಲ್ವಾ? ಅದನ್ನು ಬದಲಾಯಿಸ್ಲಿಕ್ಕೆ ಎಷ್ಟು ಹೊತ್ತು ಬೇಕು?”

“ಹಾಗೆಲ್ಲ ಆಗುದಿಲ್ಲ.”

“ಅರ್ಧ ದಿನ ಉಳಿಸ್ಲಿಕ್ಕೆ ಹಿಂದಿನ ಬಾಗಿಲು ತೆಗ್ದದ್ದು ನೀವು. ನನಗೆ ಅಂತ ಒಮ್ಮೆ ತೆಗೀಲಿಕ್ಕೆ ಆಗುದಿಲ್ವಾ?”

ಅರ್ಧ ನಿಮಿಷದ ಕೆಲಸ. ಅವಳಿಗೂ ಅದು ಗೊತ್ತಿತ್ತು. ಅಮ್ಮನ ಬಳಿ, ಅಜ್ಜಿಯ ಬಳಿ, ನನ್ನ ಬಳಿ ಎಲ್ಲ ಒಂದೇ, ಅದು ಯಾವ ಡೇಟಾಬೇಸಿನಲ್ಲೂ ಇಲ್ಲದೆಯೂ ಇರುತ್ತದೆ ಎಂದು ನಾನು ಗಂಭೀರವಾಗಿ ವಿವರಿಸತೊಡಗಿದೆ. ಅವಳು ಎದ್ದು ಒಳಗೆ ಹೋದಳು. ಆ ದಿನದಿಂದ ನನ್ನನ್ನು ಮಾವ ಎಂದು ಕರೆದಿಲ್ಲ. ಏನಾದರೂ ಹೇಳಬೇಕಾದರೆ ತಂಗಿಯ ಮೂಲಕ ಹೇಳಿಸುತ್ತಾಳೆ.

ಸೋಮವಾರ ಕಚೇರಿಗೆ ಹೋಗಿ ಆ ಪ್ರಶ್ನೆಯನ್ನು ಅಳಿಸಿ, ಬೆಳಗಿನ ಸಂದೇಶವನ್ನು ರೆಪಾಸಿಟರಿಯ ಮೂಲಕ ಬರೆದೆ. ಅರ್ಧ ದಿನವೇ ಬೇಕಾಯಿತು. ಸುಳ್ಯದವರು ಉಗ್ರಾಣದ ಮಾತೆತ್ತಲಿಲ್ಲ, ಅದೇ ಹೆಚ್ಚು ಚುಚ್ಚಿತು. ಧಣಿಗಳು ಮಾತ್ರ, “ಹೊರಗೆ ಗೊತ್ತಾಗ್ಲಿಲ್ಲ ಅಲ್ವಾ?” ಎಂದರು. ಮುಖಪುಟದ ದೊಡ್ಡ ಅಕ್ಷರ ಹಾಗೇ ಉಂಟು.

ಮಳೆಗಾಲ ಮುಗಿದ ಮೇಲೆ ಹುಡುಗನಿಗೆ ಅದೇ ಸೈಟಿನಿಂದ, ಬೇರೆ ಬಳಿಯ ಹುಡುಗಿಯೊಂದಿಗೆ ಮದುವೆಯಾಯಿತು. ನನ್ನ ತಂಗಿಯ ಮಗಳಿಗೆ ಆಗಿಲ್ಲ.